ಹುಲ್ಲು ಹೊದ್ದ ಮನೆಗಳ ನಾಡು

ಮನೆಯ ಹೆಂಚಿನ ಸಂದಿಯಲ್ಲಿ ಹುಲ್ಲು ಮೊಳೆತರೆ ನಮ್ಮ ಹಿರಿಯರು ಸುಮ್ಮನಿರುತ್ತಿರಲಿಲ್ಲ. 'ಈ ಮನೆಗೆ ದಿಕ್ಕುದೆಸೆ ಇಲ್ಲವೇನೋ, ಮೇಲೆ ಕಾಡು ಬೆಳೆದಿದೆ' ಎಂದು ಬೈದು, ಏಣಿ ಹಾಕಿಸಿ ಕೀಳಿಸುತ್ತಿದ್ದರು. ಛಾವಣಿಯ ಮೇಲೆ ಹುಲ್ಲು ಬೆಳೆದಿದೆ ಎಂದರೆ ಒಳಗೆ ನೋಡಿಕೊಳ್ಳುವವರಿಲ್ಲ ಎಂದೇ ನಮ್ಮ ಲೆಕ್ಕ.

ಆದರೆ ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಒಂದು ಪುಟ್ಟ ನಾಡಿದೆ. ಅಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿಯ ಹಳೆಯ ಮನೆಗಳ ಮೇಲೆ ಹುಲ್ಲು ಹಸಿರಾಗಿದ್ದರೆ ಮನೆಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದರ್ಥ. ಅದೇ ಫೆರೋ ದ್ವೀಪಗಳ ನಾಡು.

ನಾರ್ವೆ, ಐಸ್‌ಲ್ಯಾಂಡ್, ಸ್ಕಾಟ್‌ಲ್ಯಾಂಡ್ ಈ ಮೂರರ ನಡುವೆ ಚದುರಿಬಿದ್ದಿರುವ 18 ದ್ವೀಪಗಳಿವು. ಒಟ್ಟು ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರು. ಜನಸಂಖ್ಯೆ ಅರ್ಧ ಲಕ್ಷಕ್ಕಿಂತ ತುಸು ಹೆಚ್ಚು. ಜನರಿಗಿಂತ ಕುರಿಗಳೇ ಜಾಸ್ತಿ. ನಾಡಿನ ಹೆಸರಿಗೇ 'ಕುರಿಗಳ ದ್ವೀಪಗಳು' ಎಂಬ ಅರ್ಥ ಹೇಳುತ್ತಾರೆ. ಡೆನ್ಮಾರ್ಕ್ ಅರಸೊತ್ತಿಗೆಗೆ ಸೇರಿದ್ದರೂ 1948ರಿಂದ ಸ್ವಂತ ಆಡಳಿತ ಪಡೆದಿದೆ. ರಾಜಧಾನಿ ಟೋರ್ಸ್‌ಹಾವ್ನ್.

ಮರವಿಲ್ಲದ ಊರಿನಲ್ಲಿ ಮರದ ಮನೆ

ಈ ದ್ವೀಪಗಳಲ್ಲಿ ಕಾಡೆಂಬುದಿಲ್ಲ. ಉಪ್ಪುಗಾಳಿ ಬೀಸುವ ಅಬ್ಬರಕ್ಕೆ ಮತ್ತು ಕುರಿಗಳ ಬಾಯಿಗೆ ಸಿಕ್ಕು ಗಿಡ ಮರವಾಗುವುದೇ ಕಷ್ಟ. ವರ್ಷದ ಹೆಚ್ಚಿನ ದಿನಗಳಲ್ಲಿ ಮಳೆ ಹನಿಯುತ್ತಿರುತ್ತದೆ. ಬೇಸಿಗೆಯಲ್ಲೂ ಸರಾಸರಿ ಉಷ್ಣತೆ 11 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹಾಗಿದ್ದರೆ ಅಲ್ಲಿಗೆ ಹೋಗಿ ನೆಲೆಸಿದ ವೈಕಿಂಗ್ ಜನ ಮನೆ ಕಟ್ಟಿದ್ದಾದರೂ ಯಾವುದರಿಂದ?

ಕಾಲ ಕೆಳಗಿದ್ದದ್ದು ಜ್ವಾಲಾಮುಖಿಯಿಂದಾದ ಕಪ್ಪು ಕಲ್ಲು. ಅದರಿಂದ ದಪ್ಪನೆಯ ತಳಪಾಯ ಕಟ್ಟಿದರು. ಎಷ್ಟೋ ಮನೆಗಳಲ್ಲಿ ಕಲ್ಲಿನ ಈ ಕೆಳಮನೆಯೇ ಹಸುಗಳಿಗೆ ಕೊಟ್ಟಿಗೆ, ಇಲ್ಲವೇ ದವಸದ ಉಗ್ರಾಣ. ಅದರ ಮೇಲೆ ಮರದ ಗೋಡೆ. ಮರ ಬರುತ್ತಿದ್ದದ್ದು ನಾರ್ವೆಯಿಂದ ಹಡಗಿನಲ್ಲಿ, ಅಥವಾ ಅಲೆಗಳಲ್ಲಿ ತೇಲಿ ದಡ ಸೇರಿದ ದಿಮ್ಮಿಗಳ ರೂಪದಲ್ಲಿ. ಅಷ್ಟು ದೂರದಿಂದ ಬಂದ ಮರ ಮಳೆಗೆ ಕೊಳೆಯಬಾರದೆಂದು ಹೊರಗೋಡೆಗೆ ಟಾರು ಬಳಿದರು. ಆದ್ದರಿಂದಲೇ ಫೆರೋದ ಹಳೆಯ ಮನೆ ಎಂದರೆ ಕಪ್ಪು ಗೋಡೆ, ಬಿಳಿ ಚೌಕಟ್ಟಿನ ಕಿಟಕಿ, ಹಸಿರು ಛಾವಣಿ.

ಭಾರವೇ ರಕ್ಷೆ

ಛಾವಣಿಯಲ್ಲೇ ಇದೆ ನಿಜವಾದ ಜಾಣ್ಮೆ. ಮೊದಲು ಹಲಗೆ. ಹಲಗೆಯ ಮೇಲೆ ಬರ್ಚ್ ಮರದ ತೊಗಟೆಯನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಪದರವಾಗಿ ಹಾಸುತ್ತಿದ್ದರು. ಈ ತೊಗಟೆ ನಮಗೆ ಅಪರಿಚಿತವೇನಲ್ಲ. ನಮ್ಮ ಪೂರ್ವಿಕರು ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರ ಇದೇ ಜಾತಿಗೆ ಸೇರಿದ ಹಿಮಾಲಯದ ಮರದ್ದು. ಅದರಲ್ಲಿ ನೀರು ಇಳಿಯುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ.

ಆದರೆ ತೊಗಟೆ ಹಗುರ. ಸಮುದ್ರದ ಗಾಳಿ ಒಮ್ಮೆ ಜೋರಾಗಿ ಬೀಸಿದರೆ ಕಾಗದದಂತೆ ಹಾರಿಹೋಗುತ್ತದೆ. ಅದಕ್ಕೇ ಬೇರುಸಮೇತ ಕತ್ತರಿಸಿದ ಹುಲ್ಲಿನ ಹೆಂಟೆಗಳನ್ನು ಅದರ ಮೇಲೆ ಒತ್ತೊತ್ತಾಗಿ ಜೋಡಿಸುತ್ತಾರೆ. ಹೆಂಟೆಯ ಭಾರಕ್ಕೆ ತೊಗಟೆ ಕದಲುವುದಿಲ್ಲ. ಹುಲ್ಲಿನ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ಛಾವಣಿ ಒಂದು ಕಂಬಳಿಯಾಗುತ್ತದೆ. ಒಳಗಿನ ಬಿಸಿ ಹೊರಗೆ ಹೋಗದು, ಹೊರಗಿನ ಮಳೆ ಒಳಗೆ ಬಾರದು. ಮಳೆಯ ಸದ್ದೂ ಕೇಳಿಸದು. ಹೊರೆ ಎಂದು ನಾವು ತಿಳಿಯುವುದೇ ಅಲ್ಲಿ ಮನೆಯನ್ನು ಹಿಡಿದಿಟ್ಟಿದೆ.

ಮನೆಯೊಳಗೆ ಮುಖ್ಯವಾದದ್ದು 'ರೋಯ್ಕ್‌ಸ್ಟೋವಾ', ಅಂದರೆ ಹೊಗೆಕೋಣೆ. ನಡುವೆ ಒಲೆ, ನೆತ್ತಿಯಲ್ಲಿ ಹೊಗೆ ಹೋಗಲು ಒಂದು ಕಿಂಡಿ. ಬೆಳಕೂ ಅದರಿಂದಲೇ. ಸೌದೆ ಇಲ್ಲದ ನಾಡಿನಲ್ಲಿ ಜೌಗು ನೆಲದ ಮಣ್ಣನ್ನು ಕಡಿದು ಒಣಗಿಸಿ ಉರಿಸುತ್ತಿದ್ದರು. ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಅಲ್ಲೇ ಕೂತು ಉಣ್ಣೆ ನೂಲುವುದು, ಹೆಣೆಯುವುದು, ಕತೆ ಹೇಳುವುದು, ಲಾವಣಿ ಹಾಡುವುದು. ಹಬ್ಬದ ದಿನ ಕೈಕೈ ಹಿಡಿದು ಸುತ್ತು ಕುಣಿತ. ಅಡುಗೆಮನೆ, ಮಲಗುವ ಮನೆ, ಪಾಠಶಾಲೆ, ರಂಗಮಂದಿರ ಎಲ್ಲವೂ ಒಂದೇ ಕೋಣೆ! ಗಾಜಿನ ಕಿಟಕಿಯ ಕೋಣೆ ಸೇರಿಕೊಂಡದ್ದು ಆಮೇಲೆ.

ಮನೆಯ ಪಕ್ಕದಲ್ಲೇ ಒಂದು ಒಣಗಿಸುವ ಕೊಟ್ಟಿಗೆ. ಅದರ ಗೋಡೆಯ ಪಟ್ಟಿಗಳ ನಡುವೆ ಬೇಕೆಂದೇ ಸಂದಿ ಬಿಟ್ಟಿರುತ್ತಾರೆ. ಆ ಸಂದಿಗಳಲ್ಲಿ ನುಗ್ಗುವ ಉಪ್ಪುಗಾಳಿಗೆ ಮೀನು, ಕುರಿಮಾಂಸ ಒಣಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ. ವಾಸದ ಮನೆಯಿಂದ ಹೊರಗಿಟ್ಟ ಗಾಳಿಯನ್ನೇ ಇಲ್ಲಿ ಕರೆದು ಕೆಲಸಕ್ಕೆ ಹಚ್ಚಿದ್ದಾರೆ.

ಹದಿನೇಳು ತಲೆಮಾರಿನ ಮನೆ

ಟೋರ್ಸ್‌ಹಾವ್ನ್‌ಗೆ ಹತ್ತಿರದ ಕಿರ್ಕ್ಯುಬೋವುರ್ ಎಂಬ ಹಳ್ಳಿಯಲ್ಲಿ 11ನೇ ಶತಮಾನದ್ದೆಂದು ಹೇಳುವ ಮರದ ಮನೆಯೊಂದಿದೆ. ಜನವಸತಿ ಇರುವ ಜಗತ್ತಿನ ಅತಿ ಹಳೆಯ ಮರದ ಮನೆಗಳಲ್ಲಿ ಇದೂ ಒಂದು. ದಿಮ್ಮಿಗಳು ಅಂಕೆ ಹಾಕಿ ಕಟ್ಟಿದ ಸ್ಥಿತಿಯಲ್ಲಿ ನಾರ್ವೆಯಿಂದ ತೇಲಿಬಂದವು ಎಂಬುದು ಐತಿಹ್ಯ. ಪಾತುರ್ಸನ್ ಮನೆತನದವರು 17 ತಲೆಮಾರುಗಳಿಂದ ಅಲ್ಲೇ ಬಾಳುತ್ತಿದ್ದಾರೆ. ಒಂದು ಭಾಗ ನೋಡುಗರಿಗೆ ತೆರೆದಿದೆ, ಇನ್ನೊಂದು ಭಾಗದಲ್ಲಿ ಸಂಸಾರ.

ಆ ಮನೆಯ ಮಗ್ಗುಲಲ್ಲೇ ಸುಮಾರು 1300ರಲ್ಲಿ ಕಟ್ಟತೊಡಗಿದ ಮ್ಯಾಗ್ನಸ್ ಕೆಥೆಡ್ರಲ್ ಇದೆ. ದಪ್ಪ ಕಲ್ಲಿನ ಗೋಡೆ, ದೊಡ್ಡ ದೊಡ್ಡ ಕಿಟಕಿ ಕಮಾನು. ಆದರೆ ಈಗ ಮೇಲೆ ಛಾವಣಿಯಿಲ್ಲ. ಬಾಯಿ ತೆರೆದ ಗೋಡೆಗಳು ಮಳೆಯಲ್ಲಿ ಸವೆಯುತ್ತಿವೆ. ನಾನು ಬದುಕೆಲ್ಲ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನು. ಇವೆರಡರ ಚಿತ್ರ ನೋಡಿದಾಗ ನನಗೆ ತೋರಿದ್ದಿಷ್ಟು: ಕಲ್ಲಿಗಿಂತ ಮರ ಗಟ್ಟಿಯಲ್ಲ. ಮರದ ಮನೆ ಉಳಿದದ್ದು ಅದರೊಳಗೆ ದಿನವೂ ಒಲೆ ಉರಿದದ್ದರಿಂದ, ಸೋರಿದ ಕಡೆ ಯಾರೋ ಹುಲ್ಲು ಹಾಸಿದ್ದರಿಂದ.

ರಾಜಧಾನಿಯ ಟಿಂಗಾನೆಸ್ ಎಂಬ ಕಲ್ಲುಬಂಡೆಯ ಚಾಚಿನ ಮೇಲೆ ವೈಕಿಂಗ್ ಕಾಲದಲ್ಲೇ ಜನರ ಸಭೆ ಸೇರುತ್ತಿತ್ತು. 1673ರಲ್ಲಿ ಬೆಂಕಿ ಬಿದ್ದು ಅಲ್ಲಿಯ ಬಹಳಷ್ಟು ಕಟ್ಟಡಗಳು ಸುಟ್ಟವು. ಮತ್ತೆ ಕಟ್ಟಿದರು. ಇಂದಿಗೂ ಅಲ್ಲಿಯ ಪ್ರಧಾನಿಯ ಕಚೇರಿ ಇರುವುದು ಅದೇ ಚಾಚಿನಲ್ಲಿ, ಹುಲ್ಲು ಛಾವಣಿಯ ಕೆಂಪು ಮರದ ಮನೆಗಳ ನಡುವೆ.

ಹೊಸತರಲ್ಲಿ ಹಳತು

ಕಾಲ ಬದಲಾದಂತೆ ತಗಡು ಬಂತು, ಕಾಂಕ್ರೀಟು ಬಂತು. ಇಂದು ಅಲ್ಲಿಯ ಎಲ್ಲ ಮನೆಗಳ ಮೇಲೂ ಹುಲ್ಲಿದೆ ಎಂದುಕೊಳ್ಳಬೇಡಿ. ಕೆಂಪು, ಹಳದಿ, ನೀಲಿ ಬಣ್ಣದ ತಗಡಿನ ಮನೆಗಳೂ ಬೇಕಾದಷ್ಟಿವೆ. ಆದರೂ ಹುಲ್ಲನ್ನು ಅವರು ಕೈಬಿಡಲಿಲ್ಲ. ತೊಗಟೆಯ ಜಾಗಕ್ಕೆ ಕಾರ್ಖಾನೆಯಲ್ಲಿ ತಯಾರಾದ ಹಾಳೆ ಬಂದಿದೆ, ಅಷ್ಟೆ.

1983ರಲ್ಲಿ ರಾಜಧಾನಿಯಲ್ಲಿ ಆರಂಭವಾದ ನಾರ್ಡಿಕ್ ಹೌಸ್ ಎಂಬ ಸಂಸ್ಕೃತಿ ಕೇಂದ್ರವನ್ನೇ ನೋಡಿ. ನಾರ್ವೆಯ ಓಲಾ ಸ್ಟೀನ್ ಮತ್ತು ಐಸ್‌ಲ್ಯಾಂಡಿನ ಕೋಲ್‌ಬ್ರುನ್ ರಾಗ್ನಾರ್ಸ್‌ಡೋಟಿರ್ ಅದರ ವಾಸ್ತುಶಿಲ್ಪಿಗಳು. ಗಾಜು, ಉಕ್ಕಿನ ಆಧುನಿಕ ಕಟ್ಟಡ. ಆದರೆ ಹುಲ್ಲು ಹೊದ್ದ ಛಾವಣಿಯಿಂದಾಗಿ ಗುಡ್ಡದೊಳಗೆ ಬೆರೆತುಹೋಗಿದೆ. ನೋರ್ರಗೋಟಾ ಎಂಬ ಊರಿನ ಪುರಸಭೆಯ ಕಟ್ಟಡ ಇನ್ನೂ ಸ್ವಾರಸ್ಯದ್ದು. ಡೆನ್ಮಾರ್ಕಿನ ಹೆನ್ನಿಂಗ್ ಲಾರ್ಸೆನ್ ಸಂಸ್ಥೆ ಅದನ್ನು ಹೊಳೆಯ ಮೇಲೆ ಸೇತುವೆಯಂತೆ ಕಟ್ಟಿದೆ. ಛಾವಣಿಯ ಹುಲ್ಲಿನ ಮೇಲೆ ಜನ ನಡೆದಾಡಬಹುದು. ಒಳಗೆ ನೆಲದಲ್ಲಿ ದುಂಡನೆಯ ಗಾಜು. ಬಗ್ಗಿ ನೋಡಿದರೆ ಕಾಲ ಕೆಳಗೆ ನೀರು ಹರಿಯುವುದು ಕಾಣುತ್ತದೆ!

ಕ್ಲಾಕ್ಸ್‌ವೀಕ್ ಪಟ್ಟಣದಲ್ಲಿ 1963ರಲ್ಲಿ ಕಟ್ಟಿದ ಕಲ್ಲಿನ ಚರ್ಚಿದೆ. ಯುದ್ಧಕಾಲದಲ್ಲಿ ಸಮುದ್ರದಲ್ಲಿ ಮಡಿದವರ ನೆನಪಿಗೆ ಕಟ್ಟಿದ್ದು. ಅದರ ಒಳಛಾವಣಿಯಿಂದ ಹುಟ್ಟು ಹಾಕಿ ನಡೆಸುವ ಹಳೆಯ ದೋಣಿಯೊಂದನ್ನು ತೂಗುಬಿಟ್ಟಿದ್ದಾರೆ. ಕೆಳಗೆ ಕುಳಿತು ಪ್ರಾರ್ಥಿಸುವವರಿಗೆ ತಮ್ಮವರು ಹೋದ ದಾರಿ ಮರೆಯುವುದಿಲ್ಲ.

ದಾರಿ ತಡವಾದರೆ

ಮನೆ ಎಷ್ಟೇ ಗಟ್ಟಿಯಿದ್ದರೂ ಊರಿನಲ್ಲಿ ಜನ ನಿಲ್ಲದಿದ್ದರೆ ಏನು ಪ್ರಯೋಜನ? ಓದಲೆಂದು ಡೆನ್ಮಾರ್ಕಿಗೆ ಹೋಗುವ ಮಕ್ಕಳಲ್ಲಿ ಅನೇಕರು ಹಿಂದಿರುಗುವುದಿಲ್ಲ. ಉತ್ತರದ ಮೂಲಿ ಎಂಬ ಹಳ್ಳಿಗೆ ವಿದ್ಯುತ್ ಬಂದದ್ದು 1970ರಲ್ಲಿ, ರಸ್ತೆ ಬಂದದ್ದು 1989ರಲ್ಲಿ. ಅಷ್ಟರಲ್ಲಿ ಹೊತ್ತು ಮೀರಿತ್ತು. 1990ರ ದಶಕದಲ್ಲಿ ಊರು ಖಾಲಿಯಾಯಿತು. ಮನೆಗಳಿವೆ, ಒಲೆಯಿಲ್ಲ.

ಗಾಸಾದಾಲುರ್ ಎಂಬ ಇನ್ನೊಂದು ಹಳ್ಳಿಗೆ ಅಂಚೆಯವನು ಬೆಟ್ಟ ಹತ್ತಿಳಿದೇ ಬರಬೇಕಿತ್ತು. ಅಲ್ಲಿಗೆ ಈ ಶತಮಾನದ ಮೊದಲ ದಶಕದಲ್ಲಿ ಬೆಟ್ಟ ಕೊರೆದು ಸುರಂಗ ಮಾಡಿದರು. ಬೆರಳೆಣಿಕೆಯ ಜನ ಉಳಿದಿದ್ದ ಆ ಊರಿನಲ್ಲಿ ಈಗಲೂ ದೀಪ ಉರಿಯುತ್ತಿದೆ.

2020ರಲ್ಲಿ ಸಮುದ್ರದ ತಳದಲ್ಲಿ 11 ಕಿಲೋಮೀಟರ್ ಉದ್ದದ ಸುರಂಗ ತೆರೆಯಿತು. ಅದರೊಳಗೆ ಒಂದು ವೃತ್ತವಿದೆ. ಜಗತ್ತಿನಲ್ಲೇ ಸಮುದ್ರದಡಿಯ ಮೊದಲ ವೃತ್ತ. ಅದರ ಸುತ್ತ ಕೈಕೈ ಹಿಡಿದು ನಿಂತ ಉಕ್ಕಿನ ಮನುಷ್ಯಾಕೃತಿಗಳು, ಬಣ್ಣದ ಬೆಳಕು. ಇದನ್ನು ಮಾಡಿದವರು ತ್ರೋಂದುರ್ ಪಾತುರ್ಸನ್ ಎಂಬ ಕಲಾವಿದರು. ಹುಟ್ಟಿದ್ದು ಆ ಹಳೆಯ ಮನೆಯಿರುವ ಕಿರ್ಕ್ಯುಬೋವುರ್‌ನಲ್ಲೇ!

ಹೊಗೆಕೋಣೆಯಲ್ಲಿ ಒಲೆಯ ಬೆಳಕಿಗೆ ಕುಣಿಯುತ್ತಿದ್ದ ಸುತ್ತು ಕುಣಿತವೇ ಈಗ ಕಡಲ ತಳದಲ್ಲಿ ನಿಂತಿದೆ. ಅದನ್ನು ಬಳಸಿಕೊಂಡು ಕಾರುಗಳಲ್ಲಿ ಜನ ಸಂಜೆ ತಮ್ಮ ತಮ್ಮ ಊರಿಗೆ ಮರಳುತ್ತಾರೆ. ಅವರು ಮರಳುವವರೆಗೆ ಛಾವಣಿಯ ಹುಲ್ಲು ಹಾಸುವುದಕ್ಕೆ ಕೈಗಳಿರುತ್ತವೆ.