ಔಷಧಿ 'ಸ್ಟಾಕ್ ಇಲ್ಲ' ಏಕೆ?

2024ರ ಬೇಸಿಗೆಯಲ್ಲಿ ಆಟೋ ಚಾಲಕರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಕ್ಷಯರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು; ಆಗ ಮೂರನೆಯ ತಿಂಗಳು. "ತಿಂಗಳ ಮಾತ್ರೆ ಕೇಳಿದರೆ ವಾರದ್ದು ಕೊಟ್ಟರು ಡಾಕ್ಟ್ರೇ, ಸ್ಟಾಕ್ ಇಲ್ಲವಂತೆ. ಕೆಮ್ಮು ಹೇಗೂ ನಿಂತಿದೆ, ಬಿಟ್ಟುಬಿಡಲಾ?" ಎಂದು ಕೇಳಿದರು.

ಖಂಡಿತ ಬಿಡಬಾರದು. ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ ಬೇಕು. ಕೆಮ್ಮು, ಜ್ವರ ಮೊದಲ ಕೆಲವು ವಾರಗಳಲ್ಲೇ ಇಳಿಯುತ್ತವೆ, ರೋಗಾಣುಗಳು ಮಾತ್ರ ಪೂರ್ತಿ ಸತ್ತಿರುವುದಿಲ್ಲ. ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತೆ ಮಾರ್ಪಡಲೂಬಹುದು. ಅಂಥ ಕ್ಷಯ ಮನೆಮಂದಿಗೆ ಅಂಟಿದರೆ ಅವರಿಗೂ ಸಾಮಾನ್ಯ ಮಾತ್ರೆ ನಾಟುವುದಿಲ್ಲ.

ಆದರೆ ಇದರಲ್ಲಿ ರೋಗಿಯ ತಪ್ಪೇನಿದೆ? ಆ ವರ್ಷದ ಮಾರ್ಚಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಪೂರೈಕೆ ತಡವಾಗಬಹುದು, 3 ತಿಂಗಳ ಮಟ್ಟಿಗೆ ನೀವೇ ಕೊಂಡುಕೊಳ್ಳಿ ಎಂದು ತಿಳಿಸಿತ್ತು. ಆಸ್ಪತ್ರೆಯ ಕಿಟಕಿಯಲ್ಲಿ ಸಿಗುವ ಮಾತ್ರೆ ತಿಂಗಳುಗಳ ಮೊದಲೇ ಟೆಂಡರಿನ ಕಡತದಲ್ಲಿ ಹುಟ್ಟಿರುತ್ತದೆ. ಕಡತ ನಿಂತರೆ ಮಾತ್ರೆಯೂ ನಿಲ್ಲುತ್ತದೆ. ವೈದ್ಯ ಕಾಲೇಜಿನಲ್ಲಿ ಈ ಪಾಠವನ್ನು ನಮಗೆ ಯಾರೂ ಹೇಳಿಕೊಡಲಿಲ್ಲ.

1997ರಲ್ಲಿ ನಮ್ಮ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ವಿಶ್ವಬ್ಯಾಂಕ್ ಸುಮಾರು 14 ಕೋಟಿ ಡಾಲರ್ ಸಾಲ ಒಪ್ಪಿತು. ಹಣದ ಜೊತೆಗೆ ಕೊಳ್ಳುವ ಕ್ರಮವೂ ಬಂತು. ಯಾವ ಔಷಧಿ, ಎಷ್ಟು ಶಕ್ತಿಯದು, ಎಂಥ ಗುಣಮಟ್ಟದ್ದು ಎಂಬುದನ್ನು ಮೊದಲೇ ಬರೆದಿಡಬೇಕು. ದೇಶವಿದೇಶದ ಕಂಪೆನಿಗಳಿಂದ ಬಹಿರಂಗವಾಗಿ ಟೆಂಡರ್ ಕರೆಯಬೇಕು. ಎಲ್ಲರೆದುರು ಲಕೋಟೆ ಒಡೆಯಬೇಕು. ದೊಡ್ಡ ಖರೀದಿಯಾದರೆ ಸಹಿಗೆ ಮುನ್ನ ಬ್ಯಾಂಕಿಗೆ ತೋರಿಸಬೇಕು. ಮಾದರಿ ಟೆಂಡರ್ ಪತ್ರ ಕೊಡುವುದು, ಅಧಿಕಾರಿಗಳಿಗೆ ತರಬೇತಿ ನೀಡುವುದು ಇಂಥ ಸಾಲದಾತರ ಇನ್ನೊಂದು ಕೆಲಸ.

ಆ ಕಾರ್ಯಕ್ರಮದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ರಟ್ಟಿನ ಪೆಟ್ಟಿಗೆ. ಚಿಕಿತ್ಸೆ ಆರಂಭವಾದೊಡನೆ ಒಬ್ಬ ರೋಗಿಗೆ ಬೇಕಾದ ಅಷ್ಟೂ ತಿಂಗಳ ಮಾತ್ರೆಗಳ ಪೆಟ್ಟಿಗೆಯನ್ನು ಅವರ ಹೆಸರಿನಲ್ಲೇ ಎತ್ತಿಡುತ್ತಿದ್ದರು. ದಾಸ್ತಾನು ಬರಿದಾದರೂ ಆ ರೋಗಿಯ ಮಾತ್ರೆ ಬರಿದಾಗದು! ದಿನನಿತ್ಯದ ಚಿಕಿತ್ಸಾ ಪದ್ಧತಿ ಬಂದ ಮೇಲೆ ಆ ಪೆಟ್ಟಿಗೆ ಹೋಯಿತು.

ಹಾಗೆಂದು ವಿಶ್ವಬ್ಯಾಂಕಿನ ನಿಯಮವಿದ್ದರೆ ಎಲ್ಲ ಸರಿಯಾಗುತ್ತದೆ ಎಂದುಕೊಳ್ಳಬೇಡಿ. ತಾನು ಸಾಲ ಕೊಟ್ಟಿದ್ದ ಭಾರತದ 5 ಆರೋಗ್ಯ ಯೋಜನೆಗಳನ್ನು ಬ್ಯಾಂಕೇ ತಪಾಸಣೆ ಮಾಡಿ 2008ರ ಜನವರಿಯಲ್ಲಿ ವರದಿ ಪ್ರಕಟಿಸಿತು. ಕ್ಷಯ ಯೋಜನೆಯೂ ಅದರಲ್ಲಿತ್ತು. ಟೆಂಡರುದಾರರು ಒಳಗೊಳಗೇ ಮಾತಾಡಿಕೊಂಡ ಸುಳಿವುಗಳು ಸಿಕ್ಕವು. ಒರಿಸ್ಸಾದಲ್ಲಿ ಕಾಮಗಾರಿ ಪೂರ್ಣಗೊಂಡಿದೆ ಎಂದು ಪ್ರಮಾಣಪತ್ರ ಪಡೆದ ಆಸ್ಪತ್ರೆಗಳ ಮಾಡು ಸೋರುತ್ತಿತ್ತು. ಕಾಗದವೆಲ್ಲ ಸರಿಯಿದ್ದೂ ಕೆಲಸ ಕೆಟ್ಟಿರಬಹುದು. ಹೋಗಿ ನೋಡುವವರು ಬೇಕು.

ಸಾಲದಾತರ ನಿಯಮ ಅವರ ಹಣ ಇರುವಷ್ಟು ದಿನ ಮಾತ್ರ. ಅದು ಮುಗಿದ ಮೇಲೆ ಕೊಳ್ಳುವವರು ನಾವೇ. ತಮಿಳುನಾಡು 1994ರಲ್ಲೇ ತನ್ನದೇ ಔಷಧಿ ನಿಗಮ ಕಟ್ಟಿಕೊಂಡಿತು. ಅಲ್ಲಿ ಮಾತ್ರೆಗಳ ಮಾದರಿಯನ್ನು ಕಂಪೆನಿಯ ಹೆಸರು ಮರೆಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಮ್ಮ ಕರ್ನಾಟಕದಲ್ಲಿ ಬಹಿರಂಗ ಟೆಂಡರ್ ಕಡ್ಡಾಯ ಮಾಡುವ ಪಾರದರ್ಶಕತೆ ಕಾಯ್ದೆ 1999ರದ್ದು. ಕೇಂದ್ರದ ಕಾರ್ಯಕ್ರಮಗಳಿಗೆ ಔಷಧಿ ಕೊಳ್ಳಲೆಂದೇ 2012ರಲ್ಲಿ ಪ್ರತ್ಯೇಕ ಸಂಸ್ಥೆ ಬಂತು. ಆದರೂ 2024ರಲ್ಲಿ ಮಾತ್ರೆ ತಡವಾಯಿತಲ್ಲ! ಅಗ್ಗವಾಗಿ, ಪ್ರಾಮಾಣಿಕವಾಗಿ ಕೊಂಡರೆ ಸಾಲದು, ಹಳೆಯ ದಾಸ್ತಾನು ಮುಗಿಯುವ ಮುನ್ನ ಕೊಳ್ಳಬೇಕು. ನಮ್ಮ ಮನೆಯ ಹೆಂಗಸರು ಅಕ್ಕಿಯ ಡಬ್ಬ ತಳ ಕಾಣುವವರೆಗೆ ಕಾಯುತ್ತಾರೆಯೇ?

ನಿಮ್ಮ ಮನೆಯಲ್ಲಿ ಯಾರಾದರೂ ಕ್ಷಯಕ್ಕೆ ಔಷಧಿ ಸೇವಿಸುತ್ತಿದ್ದರೆ, ಮಾತ್ರೆ ಮುಗಿಯಲು ಒಂದು ವಾರವಿರುವಾಗಲೇ ಆಸ್ಪತ್ರೆಗೆ ಹೋಗಿ. ಇಲ್ಲವೆಂದರೆ ಜಿಲ್ಲಾ ಕ್ಷಯ ನಿಯಂತ್ರಣಾಧಿಕಾರಿಯನ್ನು ಕಾಣಿ, ಅಥವಾ 1800-11-6666ಕ್ಕೆ ದೂರವಾಣಿ ಮಾಡಿ. ಈ ಕರೆಗೆ ಹಣವಿಲ್ಲ. ನಾಲ್ಕು ಬಗೆಯ ಮಾತ್ರೆಯಲ್ಲಿ ಸಿಕ್ಕ ಒಂದನ್ನಷ್ಟೇ ನುಂಗುತ್ತಾ ಕೂರಬೇಡಿ, ಅದು ಇನ್ನೂ ಅಪಾಯ. ಆ ಆಟೋ ಚಾಲಕರು ಮೂರು ವಾರ ಹೀಗೆ ಅಲೆದರು. ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ.