ಮೀನುತೊಟ್ಟಿಯ ಪಾಚಿ: ಬೆಳಕು ಮತ್ತು ಆಹಾರದ ಲೆಕ್ಕ

ಮನೆಯ ಅಕ್ವೇರಿಯಂ ಕೆಲವೇ ವಾರಗಳಲ್ಲಿ ಹಸಿರಾಗುವುದನ್ನು ನೀವು ಗಮನಿಸಿರಬಹುದು. ಗಾಜಿಗೆ ಅಂಟಿದ ಪದರ, ಕಲ್ಲಿನ ಮೇಲಿನ ಎಳೆಗಳು, ನೀರಿಗೇ ಬಣ್ಣ ಕೊಡುವ ಏಕಕೋಶ ಜೀವಿಗಳು ಸಾಮಾನ್ಯವಾಗಿ ಶೈವಲಗಳು, ಅಂದರೆ ಪಾಚಿ. ಆಗ ಹಲವರು ನೀರನ್ನೆಲ್ಲ ಚೆಲ್ಲಿ, ಮರಳು ಮತ್ತು ಫಿಲ್ಟರನ್ನು ನಲ್ಲಿನೀರಿನಲ್ಲಿ ತೊಳೆಯುತ್ತಾರೆ. ಕೆಲವು ದಿನಗಳಲ್ಲಿ ಮೀನುಗಳು ಸಾಯಬಹುದು. ಪಾಚಿ ಮಾತ್ರ ಮರಳಿ ಬರುತ್ತದೆ. ಏಕೆ?

ಮೀನಿನ ವಿಸರ್ಜನೆಯಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಉಂಟಾಗುತ್ತದೆ. ಮರಳು, ಫಿಲ್ಟರುಗಳಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲ ಎರಡು ಮೀನಿಗೆ ವಿಷ. ನೈಟ್ರೇಟ್ ಬಹಳ ಕಡಿಮೆ ಅಪಾಯಕಾರಿ. ಕ್ಲೋರಿನ್ ಇರುವ ನೀರಿನಲ್ಲಿ ತೊಳೆದಾಗ ಈ ಬ್ಯಾಕ್ಟೀರಿಯಗಳು ಸಾಯುತ್ತವೆ, ಅಮೋನಿಯ ಏರುತ್ತದೆ. ಫಿಲ್ಟರನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಬೇಕು.

ಪಾಚಿಗೆ ಬೇಕಾದ್ದು ಬೆಳಕು ಮತ್ತು ನೈಟ್ರೇಟ್, ಫಾಸ್ಫೇಟ್‌ನಂತಹ ಪೋಷಕಗಳು. ಮೊದಲು ಬೆಳಕನ್ನು ನೋಡೋಣ. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್; ಕೋಣೆಯ ದೀಪದ ಬೆಳಕು 500 ಲಕ್ಸ್ ಎನ್ನೋಣ. ಅರ್ಧ ಗಂಟೆಯ ಬಿಸಿಲು ಕೋಣೆಯ 100 ಗಂಟೆಗಳ ಬೆಳಕಿಗೆ ಸಮ! ಅಷ್ಟನ್ನೂ ಪಾಚಿ ಬಳಸಲಾರದಾದರೂ ತೊಟ್ಟಿಯನ್ನು ಕಿಟಕಿಯಿಂದ ದೂರವಿಡಲು ಇಷ್ಟು ಕಾರಣ ಸಾಕು. ತೊಟ್ಟಿಯ ದೀಪವನ್ನು ದಿನಕ್ಕೆ 6ರಿಂದ 8 ಗಂಟೆ ಮಾತ್ರ ಉರಿಸಿ.

ಇನ್ನು ಪೋಷಕಗಳು. ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರನ್ನು ಬದಲಿಸುತ್ತೀರೆಂದುಕೊಳ್ಳಿ. ಆಹಾರದ ಮೂಲಕ ಪ್ರತಿ ಲೀಟರಿಗೆ ವಾರಕ್ಕೆ 10 ಮಿಲಿಗ್ರಾಂ ನೈಟ್ರೇಟ್ ಸೇರುತ್ತಿದ್ದರೆ, ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೂ ಅದರ ಪ್ರಮಾಣ ಏರುತ್ತಾ ಹೋಗಿ, ನೀರು ಬದಲಿಸುವ ಮುನ್ನ 40 ಮಿಲಿಗ್ರಾಂ ಇರುವ ಹಂತದಲ್ಲಿ ನಿಲ್ಲುತ್ತದೆ. ಆಗ ಮಾತ್ರ ಹೊರಹೋಗುವ ಕಾಲುಭಾಗವೂ ಒಳಬರುವ ಮೊತ್ತವೂ ಸಮ. ಆಹಾರವನ್ನು ಅರ್ಧಕ್ಕಿಳಿಸಿದರೆ ಈ ಮಟ್ಟ 20ಕ್ಕೆ ಇಳಿಯುತ್ತದೆ. ಆದ್ದರಿಂದ ಮೀನುಗಳು ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ವ್ಯಾಲಿಸ್ನೇರಿಯದಂತಹ ಜಲಸಸ್ಯಗಳನ್ನು ನೆಟ್ಟರೆ ಅವೂ ನೈಟ್ರೇಟನ್ನು ಹೀರುತ್ತವೆ.

ಪಾಚಿನಾಶಕ ರಾಸಾಯನಿಕಗಳ ಬಗ್ಗೆ ಎಚ್ಚರ ಅಗತ್ಯ. ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ಆಕ್ಸಿಜನನ್ನು ಬಳಸಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಕ್ಸಿಜನನ್ನು ಕರಗಿಸಿಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬೇಸಿಗೆಯಲ್ಲಿ ಮೀನುಗಳಿಗೆ ಈ ಕೊರತೆ ಪ್ರಾಣಾಂತಿಕವಾಗಬಲ್ಲದು.

ತರಗತಿಯಲ್ಲಿ ಹೀಗೆ ಪರೀಕ್ಷಿಸಿ: ತೊಟ್ಟಿಯ ಹಸಿರು ನೀರನ್ನು ಎರಡು ಗಾಜಿನ ಜಾಡಿಗಳಿಗೆ ಸಮನಾಗಿ ತುಂಬಿ, ಒಂದನ್ನು ಕಿಟಕಿಯಲ್ಲೂ ಇನ್ನೊಂದನ್ನು ಕಪಾಟಿನೊಳಗೂ ಇಡಿ. ಒಂದು ವಾರದ ನಂತರ ಎರಡರ ಬಣ್ಣವನ್ನೂ ಬಿಳಿ ಹಾಳೆಯ ಮುಂದೆ ಹೋಲಿಸಿ.