ವಿಂಚ್ ನಿರ್ವಹಣೆ

ವಿಂಚ್ ಎಂಬುದು ಕೆಸರಿನಲ್ಲಿ ಹೂತುಹೋದ ಅಥವಾ ಇಳಿಜಾರಿನಲ್ಲಿ ಸಿಲುಕಿದ ವಾಹನವನ್ನು ಹಗ್ಗದ ಮೂಲಕ ಎಳೆದು ಹೊರತರುವ ಯಂತ್ರ. ಇದನ್ನು ಸಾಮಾನ್ಯವಾಗಿ ನಾಲ್ಕು ಚಕ್ರಗಳ ಚಾಲನೆಯುಳ್ಳ ಜೀಪುಗಳ ಮುಂಭಾಗದ ಬಂಪರಿಗೆ ಜೋಡಿಸಲಾಗುತ್ತದೆ. ಬ್ಯಾಟರಿಯಿಂದ ನಡೆಯುವ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರ್ ಪೆಟ್ಟಿಗೆ, ಹಗ್ಗ ಸುತ್ತಿಕೊಳ್ಳುವ ಡ್ರಮ್, ಹಗ್ಗವು ಹಾದುಬರುವ ಫೇರ್‌ಲೀಡ್, ವಿದ್ಯುತ್ತನ್ನು ಹರಿಸುವ ಹಾಗೂ ತಡೆಯುವ ಸಾಲಿನಾಯ್ಡ್ ಮತ್ತು ತುದಿಯ ಕೊಕ್ಕೆ ಇದರ ಮುಖ್ಯ ಭಾಗಗಳು.

ಪ್ರಾದೇಶಿಕ ಹಿನ್ನೆಲೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳು ಪಶ್ಚಿಮ ಘಟ್ಟದ ಬುಡದಿಂದ ಹಬ್ಬಿದ ಗುಡ್ಡ ಕಣಿವೆಗಳ ನಾಡು. ಇಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಅಡಿಕೆ ಮತ್ತು ರಬ್ಬರ್ ತೋಟಗಳಿಗೆ ಹೋಗುವ ಮಣ್ಣಿನ ದಾರಿಗಳಲ್ಲಿ ಜೀಪು ಬಹುಕಾಲದಿಂದ ನೆಚ್ಚಿನ ವಾಹನವಾಗಿದೆ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ಜೋಡುಪಾಲ ಪರಿಸರದಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು. ಅಂತಹ ಅನಾಹುತಕ್ಕೆ ಭಾರಿ ಯಂತ್ರಗಳೇ ಬೇಕು. ಆದರೆ ಕ್ರೇನ್ ಬರಲಾಗದ ತೋಟದ ದಾರಿಯಲ್ಲಿ ಆಪತ್ತಿಗೆ ಒದಗುವುದು ವಿಂಚ್. ಎಂಟು ತಿಂಗಳು ಸುಮ್ಮನಿದ್ದು ಆಟಿಯ ಮಳೆಯಲ್ಲಿ ಏಕಾಏಕಿ ಕೆಲಸಕ್ಕೆ ಕರೆಸಿಕೊಳ್ಳುವ ಈ ಯಂತ್ರ ಆ ಹೊತ್ತಿಗೆ ಕೈಕೊಡುವುದು ಹೆಚ್ಚಾಗಿ ತುಕ್ಕಿನಿಂದ. ಆದುದರಿಂದ ಪೂರ್ಣ ತಪಾಸಣೆಯನ್ನು ಮಳೆ ಹಿಡಿಯುವ ಮೊದಲೇ, ಅಂದರೆ ಮೇ ಕೊನೆಯ ಪತ್ತನಾಜೆಯ ಒಳಗೆ ಮುಗಿಸುವುದು ಉಚಿತ.

ತೊಳೆಯುವ ಕ್ರಮ

ಮುರಕಲ್ಲಿನ ಕೆಂಪು ಮಣ್ಣು ಒದ್ದೆಯಾದಾಗ ಅಂಟಾಗುತ್ತದೆ, ಒಣಗಿದಾಗ ಗಟ್ಟಿಯಾಗುತ್ತದೆ. ಅದರೊಳಗಿನ ಹರಳುಗಳು ಅರದಂತೆ ಹಗ್ಗವನ್ನು ಸವೆಸುತ್ತವೆ. ಹೀಗಾಗಿ ಕೆಸರು ಒಣಗುವ ಮುನ್ನ, ಸಾಧ್ಯವಾದರೆ ಅದೇ ದಿನ, ತೊಳೆಯಬೇಕು. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ದಪ್ಪ ಚರ್ಮದ ಕೈಗವಸು ಧರಿಸಿ, ಕ್ಲಚ್ ಸಡಿಲಿಸಿ ಹಗ್ಗವನ್ನು ಕೈಯಿಂದಲೇ ಹೊರಗೆಳೆಯಬೇಕು. ಡ್ರಮ್ಮಿನಲ್ಲಿ ಉಕ್ಕಿನ ಹಗ್ಗವಾದರೆ ಕನಿಷ್ಠ 5, ಕೃತಕ ನಾರಿನ ಹಗ್ಗವಾದರೆ 8ರಿಂದ 10 ಸುತ್ತು ಉಳಿದಿರಬೇಕು. ಹಗ್ಗವನ್ನು ಡ್ರಮ್ಮಿಗೆ ಹಿಡಿದಿಡುವುದು ತುದಿಯ ಸ್ಕ್ರೂ ಅಲ್ಲ, ಈ ಸುತ್ತುಗಳ ಘರ್ಷಣೆ.

ಸರ್ವಿಸ್ ಸ್ಟೇಷನ್ನಿನ ಅಧಿಕ ಒತ್ತಡದ ನೀರನ್ನು ವಿಂಚಿಗೆ ಹಾಯಿಸುವುದು ಸಲ್ಲದು. ಅದು ಮಣ್ಣನ್ನು ತೆಗೆಯುವ ಬದಲು ಸೀಲುಗಳ ಒಳಕ್ಕೆ ನೂಕುತ್ತದೆ. ಸಾಧಾರಣ ನಲ್ಲಿಯ ನೀರು ಮತ್ತು ಮೃದು ಬ್ರಷ್ ಸಾಕು.

ಹಗ್ಗದ ಪರೀಕ್ಷೆ

ವಿಂಚಿನಲ್ಲಿ ಜೀವಕ್ಕೆ ಅಪಾಯ ತರಬಲ್ಲ ಭಾಗವೆಂದರೆ ಹಗ್ಗ. ಬಿಗಿದು ನಿಂತ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ವಿಂಚುಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಹಗ್ಗದಲ್ಲಿ 7 ಎಳೆಗಳು, ಪ್ರತಿ ಎಳೆಯಲ್ಲಿ 19 ತಂತಿಗಳು ಇರುತ್ತವೆ. ಒಣಬಟ್ಟೆಯನ್ನು ಹಗ್ಗದ ಉದ್ದಕ್ಕೂ ಸವರಿಕೊಂಡು ಹೋದರೆ ಮುರಿದ ತಂತಿ ಬಟ್ಟೆಗೆ ಸಿಕ್ಕಿಕೊಂಡು ತನ್ನಿರವನ್ನು ತಾನೇ ತಿಳಿಸುತ್ತದೆ. ಒಮ್ಮೆ ಗಂಟಿನಂತೆ ಮಡಚಿಹೋದ ಹಗ್ಗವನ್ನು ಸುತ್ತಿಗೆಯಿಂದ ಬಡಿದು ನೇರ ಮಾಡುವ ರೂಢಿಯುಂಟು. ನೋಟಕ್ಕೆ ನೇರವಾದರೂ ಹೋದ ಬಲ ಮರಳುವುದಿಲ್ಲ. ಅಂತಹ ಹಗ್ಗವನ್ನು ಬದಲಿಸಬೇಕು. ಉತ್ತಮ ಸ್ಥಿತಿಯಲ್ಲಿರುವುದನ್ನು ಒಣಗಿಸಿ ತೆಳುವಾದ ಎಣ್ಣೆ ಲೇಪಿಸಬೇಕು. ದಪ್ಪ ಗ್ರೀಸ್ ಬಳಿದರೆ ಮಣ್ಣು ಅಂಟಿಕೊಳ್ಳುತ್ತದೆ.

ಕೃತಕ ನಾರಿನ ಹಗ್ಗ ಹಗುರ, ನೀರಿನಲ್ಲಿ ತೇಲುತ್ತದೆ, ತುಂಡಾದಾಗ ಬೀಸುವ ರಭಸವೂ ಕಡಿಮೆ. ಆದರೆ ಎಳೆಗಳ ನಡುವೆ ಮರಳು ಸೇರಿದರೆ ಅದು ಒಳಗಿನಿಂದಲೇ ಕತ್ತರಿಸಲ್ಪಡುತ್ತದೆ. ಅದನ್ನು ಸೌಮ್ಯ ಸಾಬೂನಿನ ನೀರಿನಲ್ಲಿ ನೆನೆಸಿ, ಕೆಸರು ಬಿಡುವುದು ನಿಲ್ಲುವವರೆಗೆ ಹಿಸುಕಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲೂ ಬಿಸಿಯೂ ಅದಕ್ಕೆ ಹಾನಿಕರ: ಈ ಹಗ್ಗಗಳ ಪಾಲಿಎಥಿಲೀನ್ ನಾರು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮತ್ತು ಅದಕ್ಕೂ ಬಹಳ ಮೊದಲೇ ದುರ್ಬಲಗೊಳ್ಳುತ್ತದೆ. ಉಕ್ಕಿನ ಹಗ್ಗದಿಂದ ಗೀರುಬಿದ್ದ ಹಳೆಯ ಫೇರ್‌ಲೀಡಿನಲ್ಲಿ ಇದನ್ನು ಬಳಸಬಾರದು.

ಮರಳಿ ಸುತ್ತುವಿಕೆ

ಸಡಿಲವಾಗಿ ಸುತ್ತಿದ ಹಗ್ಗ ಮುಂದಿನ ಬಾರಿ ಭಾರ ಬಿದ್ದಾಗ ಕೆಳಗಿನ ಪದರದೊಳಕ್ಕೆ ಹೂತುಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿಯನ್ನು ಮತ್ತೆ ಜೋಡಿಸಿ, ಅಗಲವಾದ ಪಟ್ಟಿಯ ಮೂಲಕ ಹಗ್ಗವನ್ನು ಮರಕ್ಕೆ ಕಟ್ಟಿ, ಸಣ್ಣ ಏರಿನಲ್ಲಿ ಜೀಪು ತನ್ನನ್ನು ತಾನೇ ಎಳೆದುಕೊಳ್ಳುವಂತೆ ಮಾಡಿ ಬಿಗಿಯಾಗಿ ಸುತ್ತಬೇಕು. ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕುವುದು ಒಳ್ಳೆಯದು. ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಬೇರೂರಿದ ಹಲಸು, ಮಾವಿನಂತಹ ಮರ ಇದಕ್ಕೆ ತಕ್ಕುದು. ಅಡಿಕೆ ಮರ ಕೈಗೆ ಹತ್ತಿರವಿದ್ದರೂ ಅದರ ತೆಳು ಕಾಂಡ ಈ ಸೆಳೆತಕ್ಕೆ ನಿಲ್ಲದು. ರಬ್ಬರ್ ಮರದ ತೊಗಟೆಯೇ ಅದರ ಆದಾಯವಾದುದರಿಂದ ಅದನ್ನು ಬಿಡುವುದೇ ಮೇಲು.

ಮೋಟಾರು, ಗೇರ್ ಮತ್ತು ವಿದ್ಯುತ್ ಭಾಗ

ಕೆಲಸ ಮಾಡಿ ಬಿಸಿಯಾದ ಮೋಟಾರು ಹೊಳೆಯಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಹೊಳೆ ದಾಟಿದ ಬಳಿಕ ಭಾರವಿಲ್ಲದೆ ಕೆಲವು ಕ್ಷಣ ಎರಡೂ ದಿಕ್ಕಿನಲ್ಲಿ ಓಡಿಸಬೇಕು. ಮೋಟಾರಿನ ಅಡಿಯಲ್ಲಿ ನೀರು ಇಳಿಯುವ ರಂಧ್ರವಿದ್ದರೆ ಅದು ಮಣ್ಣಿನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಗೇರಿನ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ.

12 ವೋಲ್ಟಿನ ವಿಂಚ್ ಪೂರ್ಣ ಭಾರದಲ್ಲಿ 400 ಆಂಪಿಯರ್‌ವರೆಗೂ ವಿದ್ಯುತ್ ಸೆಳೆಯಬಲ್ಲದು. ಆದ್ದರಿಂದ ಸಡಿಲವಾದ ಅಥವಾ ಹಸಿರು ಕಿಲುಬು ಹಿಡಿದ ಟರ್ಮಿನಲ್ ಸುಟ್ಟುಹೋಗುತ್ತದೆ. ಸಾಲಿನಾಯ್ಡಿನ ಸಂಪರ್ಕ ಅಂಟಿಕೊಂಡರೆ ಗುಂಡಿ ಬಿಟ್ಟರೂ ವಿಂಚ್ ನಿಲ್ಲದು. ಆಗ ಉಳಿಯುವ ಉಪಾಯ ಬ್ಯಾಟರಿಯ ಬಳಿಯ ಮುಖ್ಯ ಸ್ವಿಚ್ ಒಂದೇ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಯಂತ್ರವನ್ನು ಓಡಿಸಿ ನೋಡಬೇಕು. ರಿಮೋಟನ್ನು ವಿಂಚಿಗೆ ಸಿಕ್ಕಿಸಿಡದೆ ವಾಹನದ ಒಳಗೆ ಒಣ ಜಾಗದಲ್ಲಿ ಇರಿಸಲಾಗುತ್ತದೆ.